ತೋಟದ ಮಣ್ಣಿನಲ್ಲಿ ಹುದುಗಿಹೋದದ್ದನ್ನು ಕವೆಕಡ್ಡಿ ಹಿಡಿದು ಹುಡುಕುವ ಬಗೆ

ಮೂಡಿಗೆರೆ ಕಡೆಯ ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತನ ಕೆಲಸ ಮಾಡುವವನಿಗೆ ಹಾಜರಿ ಪುಸ್ತಕಕ್ಕಿಂತ ಹೆಚ್ಚು ಕಾಟ ಕೊಡುವುದು ಮಣ್ಣಿನೊಳಗೆ ಸೇರಿಹೋದ ವಸ್ತುಗಳು. ಹಿಂದಿನವರು ಹೂಳಿದ ಸ್ಪ್ರಿಂಕ್ಲರ್ ಪೈಪು ಯಾವ ಸಾಲಿನಲ್ಲಿ ಹೋಗಿದೆ, ನಾಲ್ಕನೆಯ ಗೇಟ್‌ವಾಲ್ವ್ ಯಾವ ಗಿಡದ ಬುಡದಲ್ಲಿದೆ, ಪಕ್ಕದವರೊಡನೆ ತಕರಾರಿರುವ ಗಡಿಯ ಬಾಂದುಕಲ್ಲು ಎಲ್ಲಿ ಮುಚ್ಚಿಹೋಗಿದೆ, ಕಣ ಗುಡಿಸುವಾಗ ಬೆರಳಿನಿಂದ ಜಾರಿದ ಉಂಗುರ ಎಲ್ಲಿ ಬಿತ್ತು ಎಂಬ ಪ್ರಶ್ನೆ ಎದ್ದಾಗಲೆಲ್ಲ ಗುಂಪಿನಲ್ಲಿ ಯಾರಾದರೊಬ್ಬರು ಕಡ್ಡಿ ಹಿಡಿಯುವವರನ್ನು ಕರೆಸಿ ಎನ್ನುತ್ತಾರೆ. ಬೋರ್‌ವೆಲ್‌ಗೆ ಪಾಯಿಂಟ್ ಮಾಡುವವರೇ ಈ ಕೆಲಸಕ್ಕೂ ಬರುತ್ತಾರೆ. ಕಡ್ಡಿ ಹಿಡಿಯುವುದನ್ನು ನಾನೂ ಕಲಿತಿದ್ದೇನೆ, ಹಿಡಿದು ನಡೆದಿದ್ದೇನೆ, ಅದು ಕೈಯಲ್ಲಿ ತಾನಾಗಿ ತಿರುಗಿದಂತಾದ ಅನುಭವವೂ ನನಗಿದೆ. ಅದನ್ನು ಹೇಗೆ ಮಾಡಬೇಕೆಂಬುದನ್ನೂ, ತಿರುಗಿದ ಜಾಗಕ್ಕೆ ಗುದ್ದಲಿ ಹಾಕುವ ಮೊದಲು ಏನೇನು ನೋಡಿಕೊಳ್ಳಬೇಕೆಂಬುದನ್ನೂ ಇಲ್ಲಿ ಬರೆದಿದ್ದೇನೆ. ಎರಡನೆಯದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಕಡ್ಡಿಗಳನ್ನು ಮಾಡಿಕೊಳ್ಳುವುದು

ನಮ್ಮ ಜಿಲ್ಲೆಯಲ್ಲಿ ಬಳಕೆಯಲ್ಲಿರುವುದು ಮುಖ್ಯವಾಗಿ ನಾಲ್ಕು ಬಗೆ. ಹಳೆಯದು ಕವೆಕಡ್ಡಿ. ಹೊಂಗೆ ಅಥವಾ ಸೀಬೆಯ ಹಸಿ ಕೊಂಬೆಯಲ್ಲಿ ಎರಡೂ ಕವಲು ಒಂದೇ ದಪ್ಪವಿರುವುದನ್ನು ಆರಿಸಿ, ಕವಲುಗಳು ಒಂದೊಂದೂ ಒಂದೂವರೆ ಅಡಿ ಉದ್ದ ಉಳಿಯುವಂತೆ ಕತ್ತರಿಸಬೇಕು. ಅಂಗೈ ಮೇಲ್ಮುಖವಾಗಿ ಹಿಡಿದು, ಕವಲುಗಳನ್ನು ತುಸು ಹೊರಕ್ಕೆ ಎಳೆದು ಬಿಗಿಗೊಳಿಸಿ, ತುದಿ ಮುಂದಕ್ಕೆ ಇರುವಂತೆ ನಡೆಯುವುದು ಕ್ರಮ. ಕಡೂರು, ಬೀರೂರಿನ ಬಯಲುಸೀಮೆಯಲ್ಲಿ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ನಡೆಯುತ್ತಾರೆ. ಕಾಯಿ ಎದ್ದು ನಿಂತ ಕಡೆ ನೀರಿದೆ ಎಂದು ಗುರುತು ಹಾಕುತ್ತಾರೆ. ಮೂರನೆಯದು ದಾರಕ್ಕೆ ಕಟ್ಟಿದ ಗುಂಡು. ಗಾರೆಯವರ ತೂಕದ ಗುಂಡೇ ಸಾಕು. ಹೊಸಬರಿಗೆ ಸುಲಭವಾದದ್ದು ನಾಲ್ಕನೆಯದು, ಅಂದರೆ ಎರಡು ತಂತಿಗಳು. ಮೂರು ಮಿಲಿಮೀಟರ್ ದಪ್ಪದ ಬೇಲಿ ತಂತಿಯನ್ನು ಎರಡು ತುಂಡು ಮಾಡಿ, ಪ್ರತಿಯೊಂದನ್ನೂ ಹಿಡಿಕೆಗೆ ಅರ್ಧ ಅಡಿ, ಮುಂದಕ್ಕೆ ಒಂದೂಕಾಲು ಅಡಿ ಬರುವ ಹಾಗೆ ನೇರ ಮೂಲೆಗೆ ಬಗ್ಗಿಸಿ, ಹಿಡಿಕೆಯನ್ನು ಖಾಲಿ ಪೆನ್ನಿನ ಕೊಳವೆಯೊಳಗೆ ತೂರಿಸಿದರೆ ತಂತಿ ಸರಾಗವಾಗಿ ತಿರುಗುತ್ತದೆ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎರಡೂ ತಂತಿಗಳು ಒಂದು ಅಡಿ ಅಂತರದಲ್ಲಿ ಸಮಾನಾಂತರವಾಗಿ, ತುದಿ ಕೂದಲೆಳೆಯಷ್ಟು ಕೆಳಗಿರುವ ಹಾಗೆ ಹಿಡಿದು ನಿಧಾನವಾಗಿ ನಡೆಯಬೇಕು. ತಂತಿಗಳು ಒಂದನ್ನೊಂದು ದಾಟಿದರೆ ಅಥವಾ ಎರಡೂ ಹೊರಕ್ಕೆ ತೆರೆದುಕೊಂಡರೆ ಅಲ್ಲಿ ಗುರುತು ಮಾಡಬೇಕು.

ಇಷ್ಟೇ ವಿದ್ಯೆ. ಇದಕ್ಕೆ ರಕ್ತದ ಗುಂಪು, ಜನ್ಮನಕ್ಷತ್ರ, ಬರಿಗಾಲು ಎಂದು ಸೇರಿಸುವವರು ದಕ್ಷಿಣೆ ಹೆಚ್ಚಿಸಿಕೊಳ್ಳಲು ಸೇರಿಸುತ್ತಾರೆಂದು ನನ್ನ ಅಭಿಪ್ರಾಯ.

ತಂತಿ ತಿರುಗುವುದೇಕೆ

ಚೌಕಟ್ಟು ಸ್ವಲ್ಪ ವಾಲಿದ ತೋಟದ ಗೇಟನ್ನು ನೋಡಿ. ಯಾರೂ ಮುಟ್ಟದಿದ್ದರೂ ಅದು ತಾನಾಗಿ ಬಂದು ಮುಚ್ಚಿಕೊಳ್ಳುತ್ತದೆ. ಕೈಯಲ್ಲಿ ಹಿಡಿದ ತಂತಿಯೂ ಹಾಗೆಯೇ: ಹಿಡಿಕೆ ನೆಟ್ಟಗಿರುವಷ್ಟು ಹೊತ್ತು ಅದು ಎತ್ತ ಬೇಕಾದರೂ ನಿಲ್ಲುತ್ತದೆ, ಮಣಿಕಟ್ಟು ಒಂದೆರಡು ಡಿಗ್ರಿ ಒಳಕ್ಕೆ ವಾಲಿದರೆ ಎರಡೂ ತಂತಿಗಳು ಒಳಕ್ಕೆ ಓಡಿ ಒಂದನ್ನೊಂದು ದಾಟುತ್ತವೆ. ಕವೆಕಡ್ಡಿಯಲ್ಲಿ ಬಿಗಿಯಾಗಿ ಎಳೆದ ಕವಲುಗಳು ಸ್ಪ್ರಿಂಗಿನಂತೆ ಕಾದು ಕುಳಿತಿರುತ್ತವೆ, ಮುಷ್ಟಿ ಅರೆಪಾಲು ತಿರುಗಿದರೂ ತುದಿ ರಪ್ಪನೆ ಕೆಳಕ್ಕೆ ಬಡಿಯುತ್ತದೆ, ಎಷ್ಟೋ ಸಲ ತೊಗಟೆ ಕೈಯಲ್ಲೇ ಸುಲಿದು ಬರುತ್ತದೆ. ಹಿಡಿದವನಿಗೆ ತಾನು ತಿರುಗಿಸಿದೆನೆಂಬ ಅರಿವು ಇರುವುದಿಲ್ಲ, ಆದ್ದರಿಂದ ಅವನು ಸುಳ್ಳು ಹೇಳುತ್ತಿದ್ದಾನೆ ಎನ್ನುವಂತಿಲ್ಲ. ಮನಸ್ಸಿನ ನಿರೀಕ್ಷೆ ನಮಗರಿವಿಲ್ಲದೆ ಸ್ನಾಯುಗಳನ್ನು ಆಡಿಸುತ್ತದೆ ಎಂಬುದನ್ನು ಇಂಗ್ಲೆಂಡಿನ ವೈದ್ಯ ವಿಲಿಯಂ ಕಾರ್ಪೆಂಟರ್ 1852ರಲ್ಲಿ ವಿವರಿಸಿದನು. ಮರುವರ್ಷ ಮೈಕೇಲ್ ಫ್ಯಾರಡೆ, ಪ್ರೇತ ಬಂದು ಮೇಜು ತಿರುಗಿಸುತ್ತದೆ ಎಂದು ನಂಬಿದ್ದವರ ಕೈಗಳೇ ಮೇಜನ್ನು ತಳ್ಳುತ್ತಿದ್ದವೆಂಬುದನ್ನು ಸರಳ ಉಪಕರಣದಿಂದ ತೋರಿಸಿದನು.

ಈ ಮಾತು ನನಗೆ ಪುಸ್ತಕಕ್ಕಿಂತ ಮೊದಲು ತೋಟದಲ್ಲೇ ಮನದಟ್ಟಾಯಿತು. ಒಂದು ಜನವರಿಯಲ್ಲಿ, ಕೊಯ್ಲು ಮುಗಿದು ಸ್ಪ್ರಿಂಕ್ಲರ್ ಜೋಡಿಸಲು ಹೊರಟಾಗ, ಇಳಿಜಾರಿನ ಬ್ಲಾಕಿನಲ್ಲಿ ಒಂದು ವಾಲ್ವ್ ಸಿಗಲಿಲ್ಲ. ತಂತಿ ಹಿಡಿದು ಹೊರಟೆ. ನೆರಳಿಗೆ ಬೆಳೆಸಿದ ಎರಡು ಸಿಲ್ವರ್ ಮರಗಳ ನಡುವೆ ಕಾಲಿಡುತ್ತಿದ್ದಂತೆ ತಂತಿಗಳು ದಾಟಿದವು, ಅಗೆದರೆ ಎರಡು ಅಡಿ ಕೆಳಗೆ ವಾಲ್ವ್ ಸಿಕ್ಕಿತು. ಸುತ್ತ ನಿಂತವರೆಲ್ಲ ಭಲೇ ಎಂದರು. ಅಗೆಯುತ್ತಿದ್ದ ಹಿರಿಯ ಆಳು ಮಾತ್ರ ಬೆವರೊರೆಸಿಕೊಳ್ಳುತ್ತ, 'ರೈಟ್ರೇ, ಕಡ್ಡಿ ತಿರುಗಿದ್ದು ಆಮೇಲೆ. ನಿಮ್ ಕಣ್ಣು ಆ ತಗ್ಗಿನ ಮೇಲೆ ಮೊದ್ಲೇ ನೆಟ್ಟಿತ್ತು' ಎಂದ. ಬಗ್ಗಿ ನೋಡಿದೆ. ಒಂದಡಿ ಅಗಲದ ಪಟ್ಟಿ, ಎರಡು ಬೆರಳಿನಷ್ಟು ಕುಸಿದದ್ದು, ತರಗೆಲೆ ಅದರಲ್ಲೇ ಹೆಚ್ಚು ನಿಂತದ್ದು, ಸಾಲಾಗಿ ಮೇಲಿನ ರಸ್ತೆಯವರೆಗೆ ಕಾಣುತ್ತಿತ್ತು. ಚರಂಡಿ ತೋಡಿ ಮುಚ್ಚಿದ ಮಣ್ಣು ವರ್ಷಗಳ ಮಳೆಗೆ ಇಳಿದಿತ್ತು. ನನ್ನ ಕಣ್ಣು ಅದನ್ನು ಕಂಡಿತ್ತು. ನನಗೆ ಹೇಳಿರಲಿಲ್ಲ, ಕೈಗೆ ಹೇಳಿತ್ತು.

ಹಾಗಾಗಿ ಕಡ್ಡಿಗೆ ನಾನು ಕೊಡುವ ಸ್ಥಾನ ಇಷ್ಟು: ನಿಮಗೆ ಅರ್ಧಂಬರ್ಧ ಗೊತ್ತಿರುವುದನ್ನು ಅದು ಹೊರಗೆಳೆಯಬಹುದು. ನಿಮಗೆ ಏನೇನೂ ಗೊತ್ತಿಲ್ಲದ ಕಡೆ ಅದಕ್ಕೂ ಏನೂ ಗೊತ್ತಿರುವುದಿಲ್ಲ.

ಮೊದಲು ಬಕೆಟ್ ಪರೀಕ್ಷೆ

ತೋಟಕ್ಕೆ ಇಳಿಯುವ ಮೊದಲು ಮನೆಯಂಗಳದಲ್ಲಿ ಒಂದು ಮಧ್ಯಾಹ್ನ ಇದಕ್ಕೆ ಕೊಡಿ. ಒಂದೇ ತರಹದ ಹತ್ತು ಬಕೆಟ್‌ಗಳನ್ನು ಎರಡು ಮಾರು ಅಂತರದಲ್ಲಿ ಬೋರಲು ಹಾಕಿ ಸಂಖ್ಯೆ ಬರೆಯಿರಿ. ಮೊದಲ ಸುತ್ತಿನಲ್ಲಿ ಸುತ್ತಿಗೆಯ ತಲೆಯನ್ನು ನಿಮ್ಮೆದುರಿಗೇ ಒಂದರ ಕೆಳಗಿಡಿಸಿ, ತಂತಿ ಹಿಡಿದು ನಡೆಯಿರಿ. ಅದು ಬಹುತೇಕ ಪ್ರತಿ ಸಲವೂ ಸರಿಯಾದ ಬಕೆಟ್ ಮೇಲೆಯೇ ದಾಟುತ್ತದೆ. ಎರಡನೆಯ ಸುತ್ತಿನಲ್ಲಿ ನೀವು ಮೊದಲು ಮನೆಯೊಳಗೆ ಹೋಗಬೇಕು. ಒಬ್ಬರು ಚೀಟಿ ಎತ್ತಿ, ಬಂದ ಸಂಖ್ಯೆಯ ಬಕೆಟ್ ಕೆಳಗೆ ಇಟ್ಟು, ಕಣ್ಣಿಗೆ ಕಾಣದಂತೆ ಹಿತ್ತಿಲಿಗೆ ಹೊರಟುಬಿಡಬೇಕು. ಎಲ್ಲಿಟ್ಟಿದ್ದಾರೆಂದು ತಿಳಿಯದ ಮತ್ತೊಬ್ಬರು ನಿಮ್ಮ ಜೊತೆ ನಿಂತು ನಿಮ್ಮ ಉತ್ತರ ಬರೆದುಕೊಳ್ಳಬೇಕು. ಇಟ್ಟವರು ಎದುರಿಗಿದ್ದರೆ ಅವರ ಮುಖವೇ ನಿಮಗೆ ದಾರಿ ಹೇಳಿಬಿಡುತ್ತದೆ. ಚೀಟಿ ಎತ್ತದೆ ಮನಸ್ಸಿಗೆ ಬಂದ ಕಡೆ ಇಟ್ಟರೂ ಪರೀಕ್ಷೆ ಕೆಟ್ಟಂತೆ, ಏಕೆಂದರೆ ಜನರು ಅಂಚಿನ ಬಕೆಟ್‌ಗಳನ್ನು ಬಿಟ್ಟು ನಡುವಿನವನ್ನೇ ಆರಿಸಿಕೊಳ್ಳುವುದು ಹೆಚ್ಚು.

ಹೀಗೆ ಇಪ್ಪತ್ತು ಸಲ ಮಾಡಿ. ಕಣ್ಣು ಮುಚ್ಚಿ ಬೆರಳು ತೋರಿಸಿದವನಿಗೂ ಇಪ್ಪತ್ತರಲ್ಲಿ ಸರಾಸರಿ ಎರಡು ಸರಿಯಾಗುತ್ತವೆ, ಮೂರೋ ನಾಲ್ಕೋ ಸರಿಯಾದರೂ ಅಚ್ಚರಿಯಿಲ್ಲ. ಬರೀ ಅದೃಷ್ಟದಿಂದ ಆರು ಅಥವಾ ಅದಕ್ಕಿಂತ ಹೆಚ್ಚು ಸರಿಯಾಗುವುದು ನೂರರಲ್ಲಿ ಒಂದು ಸಲ ಮಾತ್ರ. ಆದ್ದರಿಂದ ಆರನ್ನು ಗೆರೆಯಾಗಿ ಮೊದಲೇ ಬರೆದಿಟ್ಟುಕೊಳ್ಳಿ, ಆಮೇಲೆ ಬದಲಿಸಬೇಡಿ. ಎದುರಿಗಿಟ್ಟಾಗ ನನಗೆ ಎಲ್ಲವೂ ಸರಿಯಾಗಿತ್ತು. ಮರೆಯಲ್ಲಿಟ್ಟಾಗ ಇಪ್ಪತ್ತಕ್ಕೆ ಮೂರು. ಎರಡೂ ಸುತ್ತಿನಲ್ಲಿ ತಂತಿಯ ಸೆಳೆತ ಮಾತ್ರ ಒಂದೇ ರೀತಿ ಜೋರಾಗಿತ್ತು ಎನ್ನುವುದನ್ನು ವಿಶೇಷವಾಗಿ ಹೇಳಬೇಕು. ಜರ್ಮನಿಯ ಕಾಸೆಲ್‌ನಲ್ಲಿ 1990ರಲ್ಲಿ ಸುಮಾರು ಮೂವತ್ತು ಮಂದಿ ಅನುಭವಿಗಳನ್ನು ಇದೇ ತತ್ವದ ಮೇಲೆ ಪರೀಕ್ಷಿಸಿದ್ದರು. ಅರ್ಧ ಮೀಟರ್ ಆಳದಲ್ಲಿ ಪ್ಲಾಸ್ಟಿಕ್ ಪೈಪು ಹೂತು, ಅದರಲ್ಲಿ ನೀರು ಹರಿಯುತ್ತಿದೆಯೇ ಇಲ್ಲವೇ ಎಂದು ಕೇಳಿದರು. ಪರೀಕ್ಷೆಯ ಕ್ರಮವನ್ನು ಅವರೆಲ್ಲ ಮೊದಲೇ ಒಪ್ಪಿದ್ದರು. ಫಲ ಅದೃಷ್ಟಕ್ಕಿಂತ ಮೇಲೇರಲಿಲ್ಲ.

ಹುಡುಕುವ ಮೊದಲಿನ ಸಿದ್ಧತೆ

ಕಡ್ಡಿ ಹೊರಗೆಳೆಯುವುದು ನಿಮ್ಮೊಳಗಿನದನ್ನೇ ಆದರೆ, ಒಳಗೆ ಮೊದಲು ಏನನ್ನಾದರೂ ತುಂಬಿಕೊಳ್ಳಬೇಕಲ್ಲವೇ? ಪೈಪಿನ ವಿಷಯವಾದರೆ ಅದನ್ನು ಹೂಳಿದ ಕಾಲದಲ್ಲಿ ಲೈನ್ ಮನೆಯಲ್ಲಿದ್ದ (ಆಳುಗಳ ಸಾಲುಮನೆ) ಮೇಸ್ತ್ರಿಯನ್ನೋ ಹಳೆಯ ಆಳುಗಳನ್ನೋ ಒಬ್ಬೊಬ್ಬರನ್ನಾಗಿ, ಬೇರೆ ಬೇರೆಯಾಗಿ ಕೇಳಿ; ಒಟ್ಟಿಗೆ ಕೇಳಿದರೆ ಮೊದಲು ಬಾಯಿಬಿಟ್ಟವರ ಮಾತೇ ಎಲ್ಲರ ಮಾತಾಗುತ್ತದೆ. ಕೆಲಸ ಮಾಡುವವರು ಚರಂಡಿಯನ್ನು ಬಂಡೆ ತಪ್ಪಿಸಿ, ಮರದ ಬುಡ ತಪ್ಪಿಸಿ, ಆದಷ್ಟು ನೇರವಾಗಿ ತೋಡಿರುತ್ತಾರೆ. ಪಂಪ್‌ಹೌಸಿನ ಗೋಡೆಯಿಂದ ಪೈಪು ಹೊರಟ ದಿಕ್ಕು, ಸಿಕ್ಕಿರುವ ಎರಡು ವಾಲ್ವ್‌ಗಳ ನಡುವಿನ ಅಂತರ, ಪೈಪಿನ ತುಂಡುಗಳ ಉದ್ದ, ಇವನ್ನು ಹಾಳೆಯ ಮೇಲೆ ಹಾಕಿದರೆ ಮೂರನೆಯದು ಎಲ್ಲಿರಬೇಕೆಂಬ ಅಂದಾಜು ಅಲ್ಲೇ ಸಿಗುತ್ತದೆ.

ಬಾಂದುಕಲ್ಲಿಗೆ ಸರ್ವೆ ಇಲಾಖೆಯಿಂದ ಟಿಪ್ಪಣಿಯ, ಅಂದರೆ ಜಮೀನಿನ ಅಳತೆ ನಕ್ಷೆಯ ನಕಲು ಪಡೆಯಿರಿ. ಅದರಲ್ಲಿ ಅಳತೆ ಸರಪಳಿ ಮತ್ತು ಆಣೆಯಲ್ಲಿರುತ್ತದೆ. ಒಂದು ಸರಪಳಿಗೆ 33 ಅಡಿ, ಹದಿನಾರು ಆಣೆಗೆ ಒಂದು ಸರಪಳಿ, ಅಂದರೆ ಒಂದು ಆಣೆ ಎರಡು ಅಡಿಗಿಂತ ಕೂದಲಷ್ಟು ಹೆಚ್ಚು. ಕಣ್ಣಿಗೆ ಕಾಣುವ ಒಂದು ಕಲ್ಲಿನಿಂದ ಟೇಪು ಹಿಡಿದು ನಡೆದರೆ ಕಾಣದ ಕಲ್ಲಿನ ಹತ್ತಿರಕ್ಕಂತೂ ತಲುಪುತ್ತೀರಿ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಯಾವ ಸರ್ವೆ ನಂಬರಿನಲ್ಲಿ ನಿಂತಿದ್ದೀರಿ ಎಂದು ತೋರಿಸುತ್ತದೆ, ಆದರೆ ದಟ್ಟ ಮರಗಳ ನೆರಳಿನಲ್ಲಿ ಮೊಬೈಲಿನ ಗುರುತು ಹತ್ತಾರು ಅಡಿ ಅತ್ತಿತ್ತ ಹೋಗುವುದರಿಂದ ಅದರ ಮೇಲೆ ಕಲ್ಲು ಹುಡುಕಲು ಹೋಗಬೇಡಿ. ಗಡಿಯಲ್ಲಿ ಜಗಳವಿದ್ದರೆ ಕಡ್ಡಿಯನ್ನು ಮನೆಯಲ್ಲೇ ಬಿಟ್ಟು ಹದ್ದುಬಸ್ತಿಗೆ, ಅಂದರೆ ಸರ್ವೆಯವರೇ ಬಂದು ಗಡಿ ಗುರುತಿಸಿಕೊಡಲು ಅರ್ಜಿ ಕೊಡಿ. ಕಡ್ಡಿ ತೋರಿಸಿದ ಕಲ್ಲಿಗೆ ಕಾನೂನಿನಲ್ಲಿ ಬೆಲೆಯಿಲ್ಲ, ಪಕ್ಕದವರು ಇಲ್ಲದಿರುವಾಗ ಗಡಿ ಅಗೆದದ್ದೇ ನಿಮ್ಮ ಮೇಲಿನ ದೂರಾಗಬಹುದು.

ಉಂಗುರಕ್ಕೆ ಸಿದ್ಧತೆಯೆಂದರೆ ಗುಡಿಸುವುದನ್ನು ತಕ್ಷಣ ನಿಲ್ಲಿಸುವುದು. ಆ ದಿನದ ಕಸವನ್ನು ಗೊಬ್ಬರದ ಗುಂಡಿಗೆ ಹೋಗಲು ಬಿಡಬೇಡಿ.

ನೆಲವನ್ನು ನಡೆಯುವುದು

ಅಂದಾಜು ಜಾಗವನ್ನು ನಡುವೆ ಇಟ್ಟುಕೊಂಡು ಸುಮಾರು ಮೂವತ್ತು ಅಡಿ ಚೌಕವನ್ನು ಗೂಟ ಮತ್ತು ತೆಂಗಿನ ಹಗ್ಗದಿಂದ ಕಟ್ಟಿ, ಮೂರಡಿಗೊಂದು ಸಾಲು ಮಾಡಿ. ಸಾಲು ಸಾಲಾಗಿ ಒಂದು ದಿಕ್ಕಿನಲ್ಲಿ ನಡೆದು ಮುಗಿಸಿ, ಆಮೇಲೆ ಅಡ್ಡಲಾಗಿ ಮತ್ತೊಮ್ಮೆ ನಡೆಯಿರಿ. ತಂತಿ ದಾಟಿದ ಕಡೆ ನೆಲದ ಮೇಲೆ ಸುಣ್ಣ ಚೆಲ್ಲಬೇಡಿ. ಗುರುತು ಕಂಡರೆ ಮುಂದಿನ ಸಾಲಿನಲ್ಲಿ ಕೈ ತಾನಾಗಿ ಅಲ್ಲೇ ಬಾಗುತ್ತದೆ. ಜೊತೆಗಿರುವವರು ಸಾಲಿನ ಸಂಖ್ಯೆ ಮತ್ತು ಹೆಜ್ಜೆಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆಯಲಿ. ಮತ್ತೊಬ್ಬರು, ನಿಮ್ಮ ಫಲ ನೋಡದವರು, ಬೇರೆ ಹೊತ್ತಿನಲ್ಲಿ ಇದೇ ಚೌಕವನ್ನು ನಡೆಯಲಿ. ಮೂರನೆಯ ಸಲ ಯಾರೂ ತಂತಿ ಹಿಡಿಯದೆ ಬರೀ ಕಣ್ಣಿನಿಂದ ನೋಡುತ್ತ ನಡೆಯಿರಿ: ಕುಸಿದ ಪಟ್ಟಿ, ಹುಲ್ಲಿನ ಬಣ್ಣ, ಮಂಜಿನ ಬೆಳಗಿನಲ್ಲಿ ಒದ್ದೆ ನಿಂತ ರೀತಿ, ಕೆಳಮಣ್ಣು ಮೇಲೆ ಬಂದು ಕೆಂಪಗಾದ ಜಾಗ, ಒಂದೇ ಸಾಲಿನಲ್ಲಿ ಸೊರಗಿದ ಅಥವಾ ಸೊಂಪಾದ ಗಿಡಗಳು. ಬೆಳಿಗ್ಗೆ ಏಳೂವರೆಯ ಓರೆ ಬಿಸಿಲಿನಲ್ಲಿ ಕಾಣುವ ತಗ್ಗು ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಕಾಣುವುದಿಲ್ಲ.

ಈ ಮೂರು ಹಾಳೆಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದಾಗ ಇಬ್ಬರ ತಂತಿಯೂ ಒಂದೇ ಜಾಗ ಹೇಳಿದರೆ, ಕಣ್ಣಿನ ಹಾಳೆ ಅಲ್ಲಿ ಏನು ಹೇಳುತ್ತದೆ ಎಂದು ನೋಡಿ. ಹೆಚ್ಚಿನ ಸಲ ಇಬ್ಬರೂ ಕಂಡ ಯಾವುದೋ ಗುರುತು ಅಲ್ಲಿರುತ್ತದೆ. ತಂತಿ ಮಾತ್ರ ಹೇಳಿ ಬೇರೇನೂ ಹೇಳದ ಜಾಗವನ್ನು ನಾನು ಅಗೆಸುವುದಿಲ್ಲ. ಅಗೆಸಿದ ಒಂದು ವರ್ಷದ ನೆನಪು ಇನ್ನೂ ಇದೆ: ಹೊರಗಿನಿಂದ ಬಂದ ಒಬ್ಬರು ಗುರುತು ಹಾಕಿದಲ್ಲೆಲ್ಲ ಹನ್ನೊಂದು ಗುಂಡಿ ತೋಡಿಸಿದೆವು, ಪೈಪು ಸಿಗಲಿಲ್ಲ, ಬೇರು ಕಡಿಸಿಕೊಂಡ ಆರು ರೋಬಸ್ಟಾ ಕಾಫಿ ಗಿಡ ಮುಂದಿನ ಬೇಸಿಗೆಯಲ್ಲಿ ಒಣಗಿದವು. ಅವರು ಹೋಗುವಾಗ ನೆಲದಲ್ಲಿ ದೋಷವಿದೆ ಎಂದರು, ದುಡ್ಡು ಪೂರ್ತಿ ಎಣಿಸಿಕೊಂಡರು.

ಗುದ್ದಲಿಗೆ ಮೊದಲು ಸರಳು

ನಾಲ್ಕಡಿ ಉದ್ದದ, ಬೆರಳಿಗಿಂತ ಸಣ್ಣ ಕಬ್ಬಿಣದ ಸರಳಿಗೆ ಮೇಲೆ ಅಡ್ಡ ಹಿಡಿಕೆ ಬೆಸುಗೆ ಹಾಕಿಸಿ. ತುದಿಯನ್ನು ಚೂಪು ಮಾಡಿಸಬೇಡಿ, ಪಿವಿಸಿ ಪೈಪಿಗೆ ತೂತು ಬೀಳುತ್ತದೆ. ಮೋಟರಿನ ಕೇಬಲ್ ಹೂತಿರಬಹುದಾದ ಕಡೆ ಮೇನ್ ಆಫ್ ಮಾಡಿ ಫ್ಯೂಸನ್ನು ಕಿತ್ತು ಜೇಬಿನಲ್ಲಿಟ್ಟುಕೊಂಡೇ ಸರಳು ಇಳಿಸಬೇಕು. ಬೇರೆಯವರ ಅಥವಾ ವಿದ್ಯುತ್ ಇಲಾಖೆಯ ಕೇಬಲ್ ಇರುವ ಸಂಶಯವಿದ್ದರೆ ಅವರನ್ನು ಕೇಳದೆ ಚುಚ್ಚಲೇಬಾರದು. ಮಣ್ಣು ನೆನೆದಿರುವಾಗ, ಅಂದಾಜು ಸಾಲಿಗೆ ಅಡ್ಡಲಾಗಿ ಗೇಣಿಗೊಂದರಂತೆ ಚುಚ್ಚುತ್ತ ಹೋಗಿ. ಮುಟ್ಟದ ಮಣ್ಣಿನಲ್ಲಿ ಸರಳು ಒಂದಡಿಗೆ ನಿಂತರೆ, ತೋಡಿ ಮುಚ್ಚಿದ ಚರಂಡಿಯಲ್ಲಿ ಸರಸರನೆ ಇಳಿಯುತ್ತದೆ. ಕಲ್ಲಿಗೆ ತಾಗಿದರೆ ಕೈಗೆ ಚುರುಕಾದ ಠಣ್, ಬೇರಿಗೆ ತಾಗಿದರೆ ಮೆತ್ತಗೆ ಪುಟಿಯುವ ಅನುಭವ, ಪಿವಿಸಿಗೆ ತಾಗಿದರೆ ಟೊಳ್ಳಾದ ಡಬ್. ನಾಲ್ಕು ದಿನದಲ್ಲಿ ಕೈಗೆ ಈ ವ್ಯತ್ಯಾಸ ಕೂತುಬಿಡುತ್ತದೆ, ಇದು ನಿಜವಾದ ವಿದ್ಯೆ.

ಪೈಪಿಗೆ ಇನ್ನೆರಡು ಉಪಾಯಗಳಿವೆ. ಪಂಪು ಚಾಲೂ ಮಾಡಿ, ಸರಳನ್ನು ಮಣ್ಣಿಗೆ ಊರಿ, ಹಿಡಿಕೆಗೆ ಕಿವಿಯಿಟ್ಟು ಕೇಳಿದರೆ ಸೋರಿಕೆಯ ಹತ್ತಿರ ಸುಂಯ್ ಎಂಬ ಸದ್ದು ಬಲಿಯುತ್ತದೆ. ಲೋಹಶೋಧಕಕ್ಕೆ ಪಿವಿಸಿ ಕಾಣುವುದಿಲ್ಲವಾದ್ದರಿಂದ, ಪಂಪು ನಿಲ್ಲಿಸಿ, ಸಿಕ್ಕಿರುವ ವಾಲ್ವಿನ ಬಾಯಿಂದ ಗಟ್ಟಿ ಕಬ್ಬಿಣದ ತಂತಿಯನ್ನು ಒಳಕ್ಕೆ ತಳ್ಳುತ್ತ ಹೋಗಿ ಮೇಲಿನಿಂದ ಶೋಧಕ ಆಡಿಸಬಹುದು. ಆಳ ಹೆಚ್ಚಿದ್ದರೆ ಸಾಧಾರಣ ಯಂತ್ರಕ್ಕೆ ಅದು ಎಟಕುವುದಿಲ್ಲ. ಉಂಗುರಕ್ಕಾದರೆ ಆ ಯಂತ್ರವೇ ಸೈ, ಅರ್ಧ ಅಡಿಯೊಳಗಿನ ಉಂಗುರಕ್ಕೆ ಅದು ಕೂಗುತ್ತದೆ. ಮೊಳೆ, ಗುಟ್ಕಾ ಪೊಟ್ಟಣದ ಹೊಳಪು ಹಾಳೆ ಎಲ್ಲದಕ್ಕೂ ಕೂಗುವುದರಿಂದ ತಾಳ್ಮೆ ಬೇಕು. ಯಂತ್ರವಿಲ್ಲದಿದ್ದರೆ ಕಾಫಿ ಜರಡಿಯಲ್ಲಿ ಮೇಲ್ಮಣ್ಣನ್ನು ಆಡಿಸಿ.

ಅಗೆಯುವಾಗ ಗುಂಡಿ ಬೇಡ. ಸಾಲಿಗೆ ಅಡ್ಡಲಾಗಿ ಒಂದಡಿ ಅಗಲದ ಕಿರುಚರಂಡಿ ತೋಡಿದರೆ ಪೈಪು ಎಲ್ಲಿದ್ದರೂ ದಾಟಲೇಬೇಕು. ಕಾಫಿಯ ಹೀರುಬೇರುಗಳು ಹೆಚ್ಚಾಗಿ ಮೇಲಿನ ಒಂದಡಿಯಲ್ಲೇ ಹರಡಿರುವುದರಿಂದ ನಾಲ್ಕು ಗಿಡಗಳ ನಡುಮಧ್ಯದಲ್ಲಿ ಶುರುಮಾಡಿ, ಮೇಲ್ಮಣ್ಣನ್ನು ಬೇರೆ ಗುಡ್ಡೆ ಹಾಕಿ ಕೊನೆಗೆ ಅದನ್ನೇ ಮೇಲೆ ಮುಚ್ಚಿಸಿ. ಜೂನ್ ಮಳೆ ಹಿಡಿಯುವ ಮೊದಲು ಕೆಲಸ ಮುಗಿದಿರಬೇಕು.

ನಿಧಿಯ ಮಾತು

ಬೇಲೂರು, ಹಳೇಬೀಡು ಕೂಗಳತೆಯಲ್ಲಿರುವ ನಮ್ಮ ಸೀಮೆಯಲ್ಲಿ ಕಡ್ಡಿ ಎಂದ ಕೂಡಲೇ ನಿಧಿಯ ಮಾತು ಬಂದೇ ಬರುತ್ತದೆ. ಪಾಳು ಗುಡಿಯ ಗರ್ಭಗುಡಿ, ಬಸವನ ಪೀಠ, ವೀರಗಲ್ಲಿನ ಬುಡ ಇವನ್ನು ರಾತ್ರಿ ಅಗೆದು ಹಾಳು ಮಾಡಿದ್ದನ್ನು ಕಂಡವರು ನಮ್ಮಲ್ಲಿ ಬಹಳ. ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ಆ ವ್ಯಾಪ್ತಿಯಲ್ಲಿ ಜಮೀನು ನಿಮ್ಮದೇ ಆದರೂ ಕೆಲಸ ಹಿಡಿಯುವ ಮೊದಲು ಸಂಬಂಧಪಟ್ಟ ಇಲಾಖೆಯನ್ನು ಕೇಳಬೇಕು. ಸ್ವಂತ ತೋಟದಲ್ಲಿ ಚರಂಡಿ ತೋಡುವಾಗ ಹಳೆಯ ನಾಣ್ಯ, ಒಡವೆ ಅಥವಾ ವಿಗ್ರಹ ಸಿಕ್ಕರೆ ಕೆಲಸ ನಿಲ್ಲಿಸಿ, ಇದ್ದದ್ದನ್ನು ಇದ್ದ ಹಾಗೆಯೇ ಬಿಟ್ಟು ತಹಶೀಲ್ದಾರರ ಮೂಲಕ ಜಿಲ್ಲಾಡಳಿತಕ್ಕೆ ತಿಳಿಸಬೇಕು. ಇದಕ್ಕಾಗಿಯೇ 1962ರ ಕರ್ನಾಟಕ ನಿಧಿ ಕಾಯ್ದೆ ಇದೆ. ನಿಧಿಯ ಹೆಸರಿನಲ್ಲಿ ಬಲಿ, ವಾಮಾಚಾರ ಎಂದು ಬರುವವರು 2017ರ ವಾಮಾಚಾರ ತಡೆ ಕಾಯ್ದೆಯಡಿ ಬರುತ್ತಾರೆ, ಪೊಲೀಸರಿಗೆ ಒಂದು ಕರೆ ಮಾಡಿ.

ಇನ್ನು ನೂರಾರು ಅಡಿ ದೂರದಿಂದಲೇ ಚಿನ್ನ ತೋರಿಸುವುದೆಂದು ಲಕ್ಷಗಟ್ಟಲೆಗೆ ಮಾರುವ, ಹಿಡಿಕೆಯ ಮೇಲೆ ಆ್ಯಂಟೆನಾ ಆಡುವ ಯಂತ್ರಗಳಿವೆಯಲ್ಲ, ಅವು ಪೆನ್ನಿನ ಕೊಳವೆಯಲ್ಲಿ ತೂರಿಸಿದ ಬೇಲಿ ತಂತಿಯ ಸೋದರರು. ಅಂಥದ್ದೇ ಸಾಧನವನ್ನು ಬಾಂಬು ಪತ್ತೆ ಯಂತ್ರವೆಂದು ಇರಾಕಿಗೆ ಮಾರಿದ ಜೇಮ್ಸ್ ಮೆಕಾರ್ಮಿಕ್ ಎಂಬಾತನಿಗೆ ಬ್ರಿಟನ್ನಿನ ನ್ಯಾಯಾಲಯ 2013ರಲ್ಲಿ ಹತ್ತು ವರ್ಷ ಜೈಲು ವಿಧಿಸಿತು. ಅದರ ಮೂಲ ಆಟಿಕೆಯಂಥ ಗಾಲ್ಫ್ ಚೆಂಡು ಹುಡುಕುವ ಕಡ್ಡಿ. ಕೊಳ್ಳಲೇಬೇಕೆನಿಸಿದರೆ ಮಾರುವವನನ್ನು ನಿಮ್ಮ ಅಂಗಳದ ಹತ್ತು ಬಕೆಟ್‌ಗಳ ಮುಂದೆ ನಿಲ್ಲಿಸಿ.

ಸಿಕ್ಕ ಮೇಲೆ

ವಸ್ತು ಸಿಕ್ಕ ಕೂಡಲೇ ಮಣ್ಣು ಮುಚ್ಚಿಸಬೇಡಿ. ಅಲುಗದ ಎರಡು ಗುರುತುಗಳನ್ನು ಆರಿಸಿಕೊಳ್ಳಿ. ಪಂಪ್‌ಹೌಸಿನ ಮೂಲೆ, ದೊಡ್ಡ ಬಂಡೆ, ಮೋರಿಯ ಕಟ್ಟೆ ಆಗಬಹುದು. ಸಿಲ್ವರ್ ಮರ ಬೇಡ, ಮುಂದಿನ ಧಣಿಗಳು ಕಡಿಸಿಬಿಡುತ್ತಾರೆ. ಎರಡರಿಂದಲೂ ವಾಲ್ವಿನ ನಡುವಿಗೆ ಟೇಪು ಹಿಡಿದು ಅಳತೆಗಳನ್ನು ಬರೆದುಕೊಳ್ಳಿ. ಎರಡು ಅಳತೆ ಸೇರುವ ಜಾಗ ಗುರುತುಗಳನ್ನು ಸೇರಿಸುವ ಗೆರೆಯ ಈ ಪಕ್ಕದಲ್ಲೊಂದು ಆ ಪಕ್ಕದಲ್ಲೊಂದು ಬರುವುದರಿಂದ ಯಾವ ಪಕ್ಕವೆಂದೂ ಬರೆಯಬೇಕು. ಹೊಸ ಪೈಪು ಹೂಳುವುದಿದ್ದರೆ ಅದರ ಜೊತೆಗೇ ಒಂದು ತಾಮ್ರದ ತಂತಿಯನ್ನು ಹಾಸಿ ಎರಡೂ ತುದಿಯನ್ನು ವಾಲ್ವ್ ಪೆಟ್ಟಿಗೆಯಲ್ಲಿ ಮೇಲೆ ಬಿಡಿ, ಕೇಬಲ್ ಹುಡುಕುವ ಯಂತ್ರಕ್ಕೆ ಆ ತಂತಿಯೇ ದಾರಿ ತೋರಿಸುತ್ತದೆ. ನಾನು ಅಳತೆಗಳನ್ನು ಪಂಪ್‌ಹೌಸಿನ ಬಾಗಿಲ ಹಿಂಬದಿಯಲ್ಲಿ ಬಿಳಿ ಪೇಂಟಿನಿಂದ ಬರೆಸಿದ್ದೇನೆ. ಈಗ ಅಲ್ಲಿ ಒಂಬತ್ತು ವಾಲ್ವ್‌ಗಳ ಲೆಕ್ಕವಿದೆ, ಹತ್ತನೆಯದಕ್ಕೆ ಜಾಗ ಖಾಲಿ ಬಿಟ್ಟಿದೆ.